ಸರದಿಯ ಕೊನೆಯ ತಾಟು

ಅದು ಆಗುವ ಮಾತಲ್ಲ ಎಂದು ಬಾಯಿಬಿಟ್ಟು ಹೇಳಿದವನು ಹುಡುಗನ ಸೋದರಮಾವ. ಮನಸ್ಸಿನಲ್ಲಿ ಹಾಗೆ ಅಂದುಕೊಂಡವರು ಬೇಕಾದಷ್ಟು ಜನ ಇದ್ದರು. ಎಲ್ಲರೆದುರು, ಹುಡುಗನೆದುರೇ ಅಂದವನು ಮಾತ್ರ ಅವನೊಬ್ಬನೇ.

“ಇವ ಹತ್ತನೇತ್ತೆ ಪಾಸಾದ್ರ ನಮ್ಮ ಲಿಂಬಿಗಿಡಕ್ಕ ಮಾವಿನಕಾಯಿ ಬಿಡ್ತಾವ. ಬರಕೊಳ್ರಿ ಅಕ್ಕಾರ.”

ಕಾನೂನಿನ ಕೈಗೆ ಸಿಕ್ಕ ಹುಡುಗರನ್ನು ಇರಿಸುವ ಬಾಲಕರ ಗೃಹದ ಭೇಟಿ ಕೋಣೆಯಲ್ಲಿ ನಾವು ನಾಲ್ಕು ಜನ ಕುಳಿತಿದ್ದೆವು: ಹುಡುಗ, ಅವನ ತಾಯಿ, ಈ ಮಾವ, ನಾನು. ಮಾವ ಇಂಡಿ ತಾಲ್ಲೂಕಿನ ಹೊರ್ತಿ ಕಡೆಯವನು. ಬೇರೆಯವರ ಲಿಂಬೆ ತೋಟಗಳನ್ನು ಹಂಗಾಮಿಗೆ ಹಿಡಿದು, ಹಣ್ಣು ಆರಿಸಿ, ಚೀಲ ತುಂಬಿ ಮಾರುಕಟ್ಟೆಗೆ ಹಾಕುವವನು. ಇನ್ನು ಕೆಲವು ವಾರಗಳಲ್ಲಿ ಹುಡುಗನ ಬಿಡುಗಡೆಯಿತ್ತು. ಹೊರಗೆ ಬಂದ ಮೇಲೆ ಅವನು ಎಲ್ಲಿರಬೇಕು, ಏನು ಓದಬೇಕು ಎಂಬ ಯೋಜನೆಯನ್ನು ಬಾಲ ನ್ಯಾಯ ಮಂಡಳಿಯ ಮುಂದೆ ಇಡುವುದು ಪರಿವೀಕ್ಷಣಾಧಿಕಾರಿಯಾದ ನನ್ನ ಕೆಲಸ. ಒಂಬತ್ತನೆಯ ತರಗತಿ ಮುಗಿಯುತ್ತಿದ್ದಂತೆ ಅವನ ಓದು ನಿಂತುಹೋಗಿತ್ತು.

ತಾಯಿ ತಮ್ಮನ ಕಡೆ ತಿರುಗಲೂ ಇಲ್ಲ. ಮಗನನ್ನೇ ನೋಡುತ್ತ ಅಂದಳು: “ಪಾಸೂ ಆಗ್ತಾನ, ಮನಿಗೂ ಬರ್ತಾನ. ನೋಡಾಕ ನೀ ಗಟ್ಟಿ ಇರು, ಅಷ್ಟ ಸಾಕು.”

ಹುಡುಗ ಮೇಜಿನ ಅಂಚಿನ ಎದ್ದ ಸಿಬರನ್ನು ಉಗುರಿನಿಂದ ಕೀಳುತ್ತಿದ್ದ. ಅವ್ವನ ಮಾತಿಗೆ ತಲೆ ಎತ್ತದೆ ನಕ್ಕ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೆಸರುಗಳನ್ನು ಬರೆಯುವುದಿಲ್ಲ. ಇಂಥ ಮಕ್ಕಳ ಹೆಸರು, ಊರು ಹೊರಬೀಳಬಾರದು ಎಂದು ಕಾನೂನೇ ಹೇಳುತ್ತದೆ. ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಊರು ಎಂದಷ್ಟೇ ತಿಳಿಯಿರಿ. ಗುರುತು ಹತ್ತದಂತೆ ಅಲ್ಲಲ್ಲಿ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ.

ನಡೆದದ್ದು ಇಷ್ಟು. ಒಂದೇ ಬೆಂಚಿನ ಇಬ್ಬರು ಗೆಳೆಯರು ಕಾಲುವೆಯ ದಂಡೆಗೆ ಕೂತಿದ್ದರು. ಮೊಬೈಲಿನ ಮೇಲೆ ಚೇಷ್ಟೆ ಶುರುವಾಗಿ ಜಗಳವಾಯಿತು, ಜಗಳ ದೂಡಾಟವಾಯಿತು. ಒಬ್ಬ ಕಾಂಕ್ರೀಟಿನ ಇಳಿಜಾರಿನ ಮೇಲೆ ತಲೆ ಕೆಳಗಾಗಿ ಬಿದ್ದ. ವಿಜಯಪುರದ ಆಸ್ಪತ್ರೆ ಮುಟ್ಟುವ ಮುಂಚೆ ಹೋದ. ದೂಡಿದವನು, ಅಂದರೆ ಈ ಹುಡುಗ, ಅವನನ್ನು ಎತ್ತಿಕೊಂಡು ರಸ್ತೆಯವರೆಗೆ ಓಡಿದ್ದನಂತೆ. ಆದರೆ ಸತ್ತವನ ಮನೆಯವರಿಗೆ ಅದರಿಂದ ಏನಾಗಬೇಕು?

ಹುಡುಗನ ತಾಯಿ ವಿಧವೆ. ಊರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಒಂದೇ ಆವರಣದಲ್ಲಿ ಪ್ರಾಥಮಿಕ ಶಾಲೆಯೂ ಇದೆ, ಪ್ರೌಢಶಾಲೆಯೂ ಇದೆ. ಅಡುಗೆ ಮನೆ ಒಂದೇ. ಮಗ ಒಳಗೆ ಹೋದ ಮೇಲೂ ಆಕೆ ಒಂದು ದಿನವೂ ಕೆಲಸ ತಪ್ಪಿಸಲಿಲ್ಲ. “ತಪ್ಪಿಸಿದ್ರ ಮತ್ತ ಆ ಗೇಟ್ ದಾಟಾಕ ಆಗ್ತಿದ್ದಿಲ್ರಿ,” ಎಂದು ಒಮ್ಮೆ ನನಗೆ ಹೇಳಿದ್ದಳು.

“ಆಗಂಗಿಲ್ಲ” ಎಂಬ ಮಾತು ನನಗೆ ಹೊಸದಲ್ಲ. ಮೋರಟಗಿ ಕಡೆಯ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹಂಗಾಮಿನಲ್ಲಿ ಅವ್ವನ ಜೊತೆ ಹತ್ತಿ ಬಿಡಿಸಿ, ಉಳಿದ ದಿನ ಸಿಂದಗಿಯ ಕಾಲೇಜಿಗೆ ಬಸ್ಸಿನ ಬಾಗಿಲಲ್ಲಿ ನಿಂತು ಹೋಗಿ ಬಂದು ಓದಿದವಳು. ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇ ಇದೆ. ಹಾಗಾಗಿ ಮಾವನ ಲಿಂಬೆಗಿಡದ ಮಾತು ನನ್ನ ಮೈಗೇ ತಾಗಿತ್ತು. ಈ ಹುಡುಗನನ್ನು ಹತ್ತನೆಯ ತರಗತಿ ದಾಟಿಸಿಯೇ ತೀರುತ್ತೇನೆ ಎಂದು ಅಂದೇ ಅಂದುಕೊಂಡೆ.

ಮೊದಲು ಮುದ್ದೇಬಿಹಾಳಕ್ಕೆ ಹೋದೆ. ಗೃಹದಲ್ಲಿದ್ದಾಗ ಹುಡುಗ ಕೆಟ್ಟ ಫ್ಯಾನುಗಳನ್ನು ಬಿಚ್ಚಿ ಕಂಡೆನ್ಸರ್ ಬದಲಿಸುವುದನ್ನು ಕಲಿತಿದ್ದ. ಊಟದ ಕೋಣೆಯ ಫ್ಯಾನು ಅವನೇ ತಿರುಗಿಸಿದ್ದು. ಕರೆಂಟಿನ ಕೆಲಸವೇ ಬೇಕು ಎನ್ನುತ್ತಿದ್ದ. ಐಟಿಐಯ ತರಬೇತಿ ಅಧಿಕಾರಿ ಒಳ್ಳೆಯ ಮನುಷ್ಯ. ನಾನು ಹುಡುಗನ ಕತೆ ಹೇಳಲಿಲ್ಲ, ಅವರು ಕೇಳಲಿಲ್ಲ. “ಎಲೆಕ್ಟ್ರಿಷಿಯನ್‌ಗೆ ಹತ್ತನೇತ್ತೆ ಆಗಿರಬೇಕ್ರಿ. ವೆಲ್ಡರ್‌ಗೆ ಎಂಟು ಸಾಕು. ಬೇಕಂದ್ರ ಅದಕ್ಕ ಬರ್ಲಿ,” ಅಂದರು. ಹುಡುಗನಿಗೆ ಬಂದು ಹೇಳಿದೆ. “ಬೆಂಕಿ ಕೆಲಸ ಒಲ್ಲೆರಿ ಅಕ್ಕಾರ. ಹತ್ತನೇತ್ತೆ ಕಟ್ತೇನಿ,” ಅಂದ.

ಆಮೇಲೆ ಸಿಂದಗಿ. ಅಲ್ಲಿಯ ಒಂದು ಹಾಸ್ಟೆಲಿನಲ್ಲಿ ಇರಿಸಿ ಹತ್ತಿರದ ಪ್ರೌಢಶಾಲೆಗೆ ಸೇರಿಸುವುದು ನನ್ನ ಎರಡನೆಯ ದಾರಿ. ವಾರ್ಡನ್ ಒಪ್ಪಿದರು. ಮಂಚವನ್ನೂ ತೋರಿಸಿದರು. ಅದೇ ವಾರ ಫೋನ್ ಬಂತು, ಜಾಗವಿಲ್ಲ ಎಂದು. ಏನಾಯಿತೆಂದು ಆಮೇಲೆ ತಿಳಿಯಿತು. ನಮ್ಮ ಜಿಲ್ಲೆಯಲ್ಲಿ ಯಾರೂ ಯಾರಿಗೂ ಅಪರಿಚಿತರಾಗಿ ಇರಲು ಆಗುವುದಿಲ್ಲ. “ಯಾವೂರು?” ಎಂದು ಕೇಳುತ್ತಾರೆ, ಹೇಳುತ್ತಿದ್ದಂತೆ “ಯಾರ ಪೈಕಿ?” ಎನ್ನುತ್ತಾರೆ. ಎರಡನೆಯ ಪ್ರಶ್ನೆಗೆ ಎಲ್ಲ ಹೊರಗೆ ಬಿದ್ದಿರುತ್ತದೆ. ಹಾಸ್ಟೆಲಿನ ಕಾವಲುಗಾರನ ಹೆಂಡತಿಯ ತವರು ಹುಡುಗನ ಪಕ್ಕದ ಊರು. ಅಷ್ಟು ಸಾಕಾಯಿತು.

ಉಳಿದದ್ದು ಅವನದೇ ಊರಿನ ಶಾಲೆ.

ಅಲ್ಲಿಯ ಹೆಡ್‌ಮಾಸ್ತರರು ಕೆಟ್ಟವರಲ್ಲ, ಹೆದರಿದವರು. “ಮೇಡಂ, ಕಾನೂನು ನನಗೂ ಗೊತ್ತೈತ್ರಿ,” ಅಂದರು. “ಆದ್ರ ನಾಳೆ ಮುಂಜಾನೆ ಪ್ರಾರ್ಥನಾಕ್ಕ ಕಾನೂನು ಬಂದು ನಿಂದ್ರಂಗಿಲ್ಲ. ನಿಂದ್ರಾಂವ ನಾನು.”

ಅಲ್ಲಿಂದ ನನ್ನ ಅಲೆದಾಟ ಶುರುವಾಯಿತು. ಮಂಡಳಿ ಹೇಳಿದ ಅವಧಿ ಮುಗಿಸಿ ಬಂದ ಮಗುವಿಗೆ ಆ ಹಳೆಯ ಸಂಗತಿಯಿಂದ ಯಾವ ಅಡ್ಡಿಯೂ ಆಗಬಾರದು ಎಂದು ಕಾನೂನಿನಲ್ಲಿದೆ. ಆ ಪುಟದ ಜೆರಾಕ್ಸ್ ಹಿಡಿದು ಬಾಗೇವಾಡಿಯ ಶಿಕ್ಷಣಾಧಿಕಾರಿಗಳ ಕಚೇರಿಗೆ ಎಷ್ಟು ಸಲ ಹೋದೆನೋ. ಸಾಹೇಬರು ಮೀಟಿಂಗಿನಲ್ಲಿ, ಸಾಹೇಬರು ಫೀಲ್ಡಿನಲ್ಲಿ, ಸಾಹೇಬರು ರಜೆಯಲ್ಲಿ. ಅಲ್ಲಿಯ ಜವಾನ ನನ್ನನ್ನು ಕಂಡರೆ ತಾನಾಗಿ ಕುರ್ಚಿ ಎಳೆದಿಡುವಷ್ಟು ಪರಿಚಯವಾಯಿತು. ಶಾಲೆಯ ಅಭಿವೃದ್ಧಿ ಸಮಿತಿಯವರ ಮುಂದೆ ಎರಡು ಸಲ ನಿಂತು ಮಾತಾಡಿದೆ. ಮೊದಲ ಸಲ ಒಬ್ಬರು ಕೇಳಿದರು: “ನಿಮಗ ಮಕ್ಕಳದಾರೇನ್ರಿ ಅಕ್ಕಾರ? ಇಂಥಾಂವನ ಬಾಜೂಕ ಕುಂಡ್ರಸ್ತೀರೇನು?” ಕುಂಡ್ರಿಸುತ್ತೇನೆ ಅಂದೆ. ನಾಲ್ಕು ಜನ ನಕ್ಕರು. ಎರಡನೆಯ ಸಲ ನಗಲಿಲ್ಲ.

ಕೊನೆಗೆ ಶಿಕ್ಷಣಾಧಿಕಾರಿಗಳ ಸೂಚನೆ ಹೊರಟಿತು: ಹುಡುಗನನ್ನು ಹತ್ತನೆಯ ತರಗತಿಗೆ ಸೇರಿಸಿಕೊಳ್ಳಬೇಕು. ಹೆಡ್‌ಮಾಸ್ತರರು ಓದಿ, ಮಡಚಿ, “ಆತ್ರಿ, ಬರ್ಲಿ,” ಅಂದರು. ಗೆದ್ದೆ ಅನ್ನಿಸಿತು. ಊರಲ್ಲಿದ್ದ ನನ್ನ ಅವ್ವನಿಗೆ ಫೋನ್ ಮಾಡಿ ಹೇಳಿದೆ. “ಯಾರದರ ಮನಿ ದೀಪ ಹಚ್ಚಿದ್ರ ಪುಣ್ಯಾ ಬರ್ತೈತಿ,” ಅಂದಳು.

ಸೇರಿಸುವ ಮುಂಚೆ ನನ್ನದೊಂದು ಸಹಿ ಬಾಕಿಯಿತ್ತು. ಮರುದಿನ ಶಾಲೆಗೆ ಹೋದೆ. ಹೆಡ್‌ಮಾಸ್ತರರ ಎದುರು ಒಬ್ಬರು ಕೈಕಟ್ಟಿ ನಿಂತಿದ್ದರು. ಕುರ್ಚಿಯಿದ್ದರೂ ಕೂತಿರಲಿಲ್ಲ. ಅವರು ಸತ್ತ ಹುಡುಗನ ತಂದೆ.

ಜಗಳಕ್ಕೆ ಬಂದಿದ್ದಾರೆಂದು ನಾನು ಸೆಟೆದು ನಿಂತೆ. ಅವರು ನನ್ನ ಕಡೆ ತಿರುಗಿ ನಮಸ್ಕಾರ ಮಾಡಿದರು.

“ನಿಮ್ ಕೆಲಸ ನೀವು ಮಾಡೀರಿ ಅಕ್ಕಾರ. ನಾವೇನು ಬ್ಯಾಡ ಅನ್ನಂಗಿಲ್ಲ. ಬಿಟ್ಟಾರಂದ್ರ ಬಿಟ್ಟಾರ. ನಮ್ಮ ಹುಡುಗೀದು ಟಿಸಿ ಕೊಟ್ಟುಬಿಡ್ರಿ ಅಂತ ಕೇಳಾಕ ಬಂದೇನಿ.”

ಸತ್ತವನಿಗೆ ಒಬ್ಬ ತಂಗಿ ಇದ್ದಾಳೆಂದು ನನ್ನ ಕಡತದಲ್ಲೂ ಇತ್ತು. ಎಂಟನೆಯ ತರಗತಿ, ಅದೇ ಶಾಲೆ. ಯಾವ ಶಾಲೆಗೆ ಸೇರಿಸುತ್ತೀರಿ ಎಂದು ಕೇಳಿದೆ.

“ಯಾವ ಸಾಲಿಗೂ ಇಲ್ರಿ. ಮನ್ಯಾಗ ಇರ್ತಾಳ. ಅಣ್ಣನ್ನ ದೂಡಿದಾಂವ ಪ್ರಾರ್ಥನಾದಾಗ ಬಾಜೂ ಸಾಲಿನ್ಯಾಗ ನಿಂತ್ರ ಆಕಿ ಹೆಂಗ ನಿಂದ್ರಬೇಕು?”

ಮುದ್ದೇಬಿಹಾಳದಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆಗೆ ನಾನೇ ಸೇರಿಸಿ ಕೊಡುತ್ತೇನೆ, ಎಲ್ಲ ವ್ಯವಸ್ಥೆ ಮಾಡುತ್ತೇನೆ ಅಂದೆ. ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು.

“ಸತ್ತಾಂವ ನಮ್ಮಾಂವ. ಊರು ಬಿಡೂದೂ ನಾವ ಏನ್ರಿ?”

ಹೆಡ್‌ಮಾಸ್ತರರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

ಎಂಟನೆಯ ತರಗತಿಗೇ ಮನೆಯಲ್ಲಿ ಕೂತ ಹುಡುಗಿಯರು ಏನಾಗುತ್ತಾರೆಂದು ನನ್ನ ಓರಗೆಯವರನ್ನು ನೋಡಿ ಗೊತ್ತು. ನನ್ನ ಜೊತೆ ಹತ್ತಿ ಬಿಡಿಸುತ್ತಿದ್ದವರು ಈಗ ಬೇರೆಯವರ ಹೊಲದಲ್ಲಿ ತಮ್ಮ ಮಕ್ಕಳೊಡನೆ ಹತ್ತಿ ಬಿಡಿಸುತ್ತಾರೆ. ಆದರೆ ಆ ಹುಡುಗಿ ನನ್ನ ಹೊಣೆಯಲ್ಲ, ಕಾನೂನಿನ ಲೆಕ್ಕದಲ್ಲಿ. ನನ್ನ ಹೊಣೆ ಹುಡುಗ. ಸೂಚನೆ ನನ್ನ ಚೀಲದಲ್ಲಿತ್ತು. ಆದರೂ ಸಹಿ ಹಾಕದೆ, ಹುಡುಗನ ತಾಯಿಗೆ ಹೇಳಬೇಕೆಂದು ಅಡುಗೆ ಮನೆಯ ಕಡೆ ಹೊರಟೆ.

ಊಟದ ಹೊತ್ತು. ಮಕ್ಕಳು ತಾಟು ಬಡಿಯುತ್ತ ಸರದಿ ನಿಂತಿದ್ದರು. ಅವತ್ತು ತತ್ತಿ ಕೊಡುವ ದಿನ. ತಾಯಿ ದೊಡ್ಡ ಬೋಗುಣಿಯ ಮುಂದೆ ನಿಂತು ಅನ್ನ ಹಾಕಿ, ಅದರ ಮೇಲೆ ಸಾರು ಸುರಿದು, ತತ್ತಿ ಇಡುತ್ತಿದ್ದಳು. “ನೂಕಬ್ಯಾಡ್ರೋ ಬಾಡ್ಯಾಗೋಳ್ರಾ, ತತ್ತಿ ಓಡಿ ಹೋಗಂಗಿಲ್ಲ,” ಎಂದು ಬೈಯುತ್ತಿದ್ದಳು. ನನ್ನನ್ನು ಕಂಡು ಕಣ್ಣಲ್ಲೇ ಕೂತುಕೊಳ್ಳಿ ಎಂದಳು. ಮಕ್ಕಳು ಕರಗಿದರು. ಜೊತೆಯ ಅಡುಗೆಯವರು ಪಾತ್ರೆ ತೊಳೆಯಲು ಹೋದರು. ಆಕೆ ಮಾತ್ರ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಬೋಗುಣಿಯ ಹಿಂದೆ, ಒಂದು ಬಟ್ಟಲು ಬೋರಲು ಹಾಕಿದ್ದರ ಕೆಳಗೆ, ಒಂದು ತತ್ತಿ ಇತ್ತು.

ಆಗ ಎರಡು ಜಡೆಯ ಒಬ್ಬ ಹುಡುಗಿ ಬಂದು ತಾಟು ಹಿಡಿದಳು. ಮುಖ ಎತ್ತಲಿಲ್ಲ. ತಾಯಿ ಮಾತಾಡಲಿಲ್ಲ. ಅನ್ನ, ಸಾರು, ಬಟ್ಟಲಿನ ಕೆಳಗಿನ ತತ್ತಿ. ಹುಡುಗಿ ಗೋಡೆಯ ಮರೆಗೆ ಹೋಗಿ ಬೆನ್ನು ತಿರುಗಿಸಿ ಕೂತು ಉಂಡಳು.

ಅವಳು ಯಾರೆಂದು ನಾನು ಕೇಳಬೇಕಾಗಲಿಲ್ಲ.

ನಮ್ಮ ಕಡೆ ಇಂಥದ್ದು ನಡೆದ ಮೇಲೆ ಎರಡು ಮನೆಗಳ ನಡುವೆ ನೀರೂ ಹಾಯುವುದಿಲ್ಲ. ಆ ಮನೆಯವರ ಕೈಯ ಅನ್ನ ಈ ಮನೆಯವರು ಉಂಡರೆ ಸತ್ತವನಿಗೆ ಎರಡು ಬಗೆದಂತೆ. ಈ ರೂಢಿ ಗೊತ್ತಿಲ್ಲದವರು ನಮ್ಮಲ್ಲಿಲ್ಲ.

“ಆಕಿ ಅಣ್ಣ ಹ್ವಾದ ಮ್ಯಾಲ ತಿಂಗಳಾನುಗಟ್ಟಲೆ ನನ್ ಕೈಯಾಂದು ಉಣ್ಲಿಲ್ರಿ,” ಎಂದಳು ತಾಯಿ, ಕೈ ತೊಳೆಯುತ್ತ. “ಡಬ್ಬಿ ತರ್ತಿದ್ದಳು. ಒಮ್ಮೊಮ್ಮೆ ಅದೂ ಇಲ್ಲ. ಎಲ್ಲಾ ಹುಡುಗರು ಉಣ್ಣಾಗ ನಳದ ಕಡೆ ಹೋಗಿ ನಿಂದ್ರತಿದ್ದಳು. ನನಗ ಸೌಟು ಹಿಡಿಯಾಕ ಆಗ್ತಿದ್ದಿಲ್ಲ. ಒಂದಿನ ತತ್ತಿ ಇತ್ರಿ. ಎಲ್ಲಾರೂ ಹ್ವಾದ ಮ್ಯಾಲ ಬಂದು ತಾಟ ಹಿಡದು ನಿಂತಳು. ಅವತ್ತಿನಿಂದ ದಿನಾ ಕಡೀಕ ಬರ್ತಾಳ. ಮನ್ಯಾಗ ಹೇಳಿಲ್ಲ. ನಾನೂ ಯಾರಿಗೂ ಹೇಳಿಲ್ಲ. ಇವತ್ತ ನಿಮಗ ಹೇಳಾಕತ್ತೇನಿ.”

ಟಿಸಿಯ ಸುದ್ದಿ ಆಕೆಗೆ ನನಗಿಂತ ಮುಂಚೆ ಮುಟ್ಟಿತ್ತು.

“ಯಕ್ಕಾ, ಸಾಲಿ ನಿಮ್ಮ ಮಗನ ಹಕ್ಕು ಐತಿ. ಆದೇಶ ನನ್ನ ಚೀಲದಾಗ ಐತಿ,” ಅಂದೆ. ಸಿಟ್ಟು ಬಂದಾಗ ನನ್ನ ಬಾಯಲ್ಲೂ ಊರ ಮಾತೇ ಬರುತ್ತದೆ. “ಎಷ್ಟು ಅಡ್ಡಾಡಿ ತಂದೇನಿ ಗೊತ್ತೇನು?”

“ಗೊತ್ತೈತ್ರಿ. ನಿಮ್ ಕಾಲು ಸವದಾವ. ಆದ್ರೂ ಬ್ಯಾಡ್ರಿ.”

“ಅವಂಗ ಬ್ಯಾರೆ ದಾರಿ ಇಲ್ಲ.”

“ನನ್ ಮಗ ಆ ಮನಿಯಿಂದ ಒಬ್ಬನ್ನ ತಗೊಂಡಾನ್ರಿ. ಇನ್ನೊಂದನ್ನ ನಾ ತಗೊಳ್ಳಲೇನು?”

ನಾನು ಆಗ ಕೇಳಿದ್ದು ಒಂದೇ: ಹುಡುಗನಿಗೆ ಏನು ಹೇಳುವುದು?

ಅದನ್ನೂ ಆಕೆ ಯೋಚಿಸಿ ಇಟ್ಟಿದ್ದಳು. “ಅಡಗಿ ಕೆಲಸ ಹೋಗ್ತೈತಂತ ಹೆದರಿ ನಾನ ಬ್ಯಾಡ ಅಂದೆ ಅಂತ ಹೇಳ್ತೇನಿ. ಹುಡುಗೀ ಸುದ್ದಿ ಅವನ ಕಿವಿಗೆ ಬೀಳಬಾರ್ದು. ಬಿದ್ರ ಒಂದೋ ಆ ಮನಿ ಮ್ಯಾಲ ಮತ್ತ ಸಿಟ್ಟಾಗ್ತಾನ, ಇಲ್ಲಾ ಎದಿ ಒಡಕೊಂಡು ಓದೂದ ಬಿಡ್ತಾನ. ಸಿಟ್ಟು ನನ್ ಮ್ಯಾಲ ಬರ್ಲಿ. ನಾ ತಡೀತೇನಿ. ಆಕಿ ಹತ್ತನೇತ್ತೆ ಮುಗಸ್ಲಿ. ಆಮ್ಯಾಲ ನಾನ ಅವನ ಮುಂದ ಕುಂತು ಹೇಳ್ತೇನಿ.” ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು. ಕೈಗೆ ಸಾರಿನ ವಾಸನೆಯಿತ್ತು.

ನಾನು ಕಡತದಲ್ಲಿ ಸುಳ್ಳು ಕಾರಣ ಬರೆಯಲಿಲ್ಲ. “ತಾಯಿಯ ಇಚ್ಛೆಯಂತೆ” ಎಂದಷ್ಟೇ ಬರೆದೆ. ಹುಡುಗಿಯ ಟಿಸಿ ಶಾಲೆಯಲ್ಲೇ ಉಳಿಯಿತು.

ಇಷ್ಟು ಕಾಲ ಸುಮ್ಮನಿದ್ದು ಈಗ ಬರೆಯುತ್ತಿರುವುದೂ ಆ ತಾಯಿ ಹೇಳಿದ್ದಕ್ಕೇ. ಹುಡುಗಿ ಮೊನ್ನೆ ಹತ್ತನೆಯ ತರಗತಿ ಪಾಸಾದಳು. “ನಾ ಹೇಳಾಕ ಹೋದ್ರ ನನ್ ಮಗ ನಿಂತು ಕೇಳವಲ್ಲ,” ಎಂದಳು ತಾಯಿ. “ನೀವು ಬರೀರಿ ಅಕ್ಕಾರ. ಓದಾಕಂತೂ ಕಲ್ತಾನಲ್ಲ.”

ಬಿಡುಗಡೆಯ ದಿನಕ್ಕೆ ಮರಳುತ್ತೇನೆ. ಗೃಹದ ಗೇಟಿನ ಹೊರಗೆ ಮಾವ ತನ್ನ ಸರಕಿನ ಗಾಡಿ ನಿಲ್ಲಿಸಿದ್ದ. ಹುಡುಗ ಒಂದು ಕೈಚೀಲ ಹಿಡಿದು ಬಂದ. ತಾಯಿ ಅವನ ಮುಖ, ಕಿವಿ, ಕುತ್ತಿಗೆ ಎಲ್ಲ ಸವರಿ ನೋಡಿದಳು, ಕುರಿಮರಿಯನ್ನು ನೋಡುವಂತೆ. ಆಮೇಲೆ, ಊರ ಶಾಲೆಗೆ ಹೋಗುವುದಿಲ್ಲ ಎಂದು ತಡಮಾಡದೆ ಹೇಳಿಬಿಟ್ಟಳು.

“ಸಾಲಿಯವ್ರು ಒಲ್ಲೆ ಅಂದ್ರೇನು?” ಹುಡುಗ ಕೇಳಿದ.

“ಇಲ್ಲೋ. ತಗೋತೇವಿ ಅಂದಾರ. ನಾನ ಬ್ಯಾಡ ಅಂದೆ.”

“ಯಾಕ?”

“ನೀ ಬಂದ್ರ ನನ್ ಕೆಲಸ ಹೋಗ್ತೈತಿ. ನೀ ಮಾವನ ಕಡೆ ಇದ್ದು ಓದು. ಪಾಸಾಗಿ ಮನಿಗಿ ಬಾ.”

ಹುಡುಗ ಅವ್ವನನ್ನು ನೋಡಿದ, ನನ್ನನ್ನು ನೋಡಿದ. ನಾನು ಗಾಡಿಯ ಗಾಲಿಯನ್ನು ನೋಡುತ್ತಿದ್ದೆ. “ಆಗ್ಲಿ,” ಅಂದು ಚೀಲವನ್ನು ಗಾಡಿಗೆ ಎಸೆದು, ಮುಂದೆ ಕೂರದೆ, ಹಿಂದೆ ಖಾಲಿ ಲಿಂಬೆ ಚೀಲಗಳ ಮೇಲೆ ಹತ್ತಿ ಕೂತ. ಗಾಡಿ ತಿರುಗುವವರೆಗೂ ತಾಯಿ ಕೈ ಎತ್ತಿಯೇ ಇದ್ದಳು. ಅವನು ಬೇರೆ ಕಡೆ ನೋಡುತ್ತಿದ್ದ.

ಶಾಲೆಗೆ ಹೋಗದೆ ಹತ್ತನೆಯ ತರಗತಿ ಬರೆಯಲು ದಾರಿಯಿದೆ. ಇಂಡಿಯ ಒಂದು ಶಾಲೆಯ ಮೂಲಕ ಖಾಸಗಿ ಅಭ್ಯರ್ಥಿಯಾಗಿ ಅವನ ಹೆಸರು ನೋಂದಾಯಿಸಿದೆ. ದಾರಿ ಇದೆ ಅಷ್ಟೇ, ಸಲೀಸಲ್ಲ. ಶಾಲೆಯ ಮಕ್ಕಳಿಗೆ ಪ್ರತಿ ವಿಷಯದಲ್ಲೂ ಇಪ್ಪತ್ತು ಅಂಕ ಶಾಲೆಯೊಳಗೇ ಸಿಗುತ್ತವೆ. ಖಾಸಗಿಯಾಗಿ ಕಟ್ಟುವವನಿಗೆ ಆ ಆಸರೆಯಿಲ್ಲ. ಪೂರ್ತಿ ನೂರನ್ನೂ ಪರೀಕ್ಷೆಯ ಕೋಣೆಯಲ್ಲೇ ಎದುರಿಸಬೇಕು. ಪಾಠ ಹೇಳುವವರಿಲ್ಲ, ಜೊತೆಗೆ ಓದುವವರಿಲ್ಲ.

ಮುಂಜಾನೆ ಅವನು ಮಾವನ ಜೊತೆ ಲಿಂಬೆ ಆರಿಸುತ್ತಿದ್ದ. ಹಸಿರು ಬೇರೆ, ಹಣ್ಣು ಬೇರೆ, ಸಣ್ಣದು ಬೇರೆ, ಮಚ್ಚೆ ಬಿದ್ದದ್ದು ಉಪ್ಪಿನಕಾಯಿಗೆ. ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಚೀಲಗಳಿಗೆ ಒರಗಿ ಓದುತ್ತಿದ್ದ. ಅವನ ಪುಸ್ತಕಗಳಿಗೆಲ್ಲ ಲಿಂಬೆಯ ವಾಸನೆ. ಕಾಯಿದೆಯ ಪ್ರಕಾರ ನಾನು ಆಗಾಗ ಹೋಗಿ ನೋಡಬೇಕು. ಬೇಕಾದ್ದಕ್ಕಿಂತ ಹೆಚ್ಚೇ ಹೋದೆ. ಗಣಿತ ಅವನಿಗೆ ಹತ್ತುತ್ತಿರಲಿಲ್ಲ. ನಾನು ಕಲಾ ವಿಭಾಗದವಳು. ಬಸ್ಸಿನಲ್ಲಿ ಅವತ್ತಿನ ಅಧ್ಯಾಯ ನಾನೇ ಕಲಿತುಕೊಂಡು ಹೋಗಿ ಅವನಿಗೆ ಹೇಳುತ್ತಿದ್ದೆ. ಒಮ್ಮೆ ಒಂದೇ ಲೆಕ್ಕಕ್ಕೆ ಇಬ್ಬರಿಗೂ ಬೇರೆ ಬೇರೆ ಉತ್ತರ ಬಂತು, ಪುಸ್ತಕದಲ್ಲಿ ಮೂರನೆಯದೇ ಇತ್ತು.

“ಅಕ್ಕಾರ, ಹಾಲ್ ಟಿಕೆಟ್ ಎರಡು ತರಸ್ರಿ,” ಮಾವ ಚೀಲ ಹೊಲಿಯುತ್ತ ಅಂದ. “ಯಾರು ಮೊದಲು ಪಾಸಾಗ್ತೀರಿ ನೋಡೂಣು.”

ಹುಡುಗ ನಕ್ಕ. ಅವನು ನಗುತ್ತಿದ್ದ, ಕೆಲಸ ಮಾಡುತ್ತಿದ್ದ, ಓದುತ್ತಿದ್ದ. ಊರಿನ ಮಾತು ಬಂದರೆ ಮಾತ್ರ ಎದ್ದು ಹೋಗುತ್ತಿದ್ದ. ತಾಯಿ ಕಳಿಸಿದ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ ತಿನ್ನುತ್ತಿದ್ದ. ಯಾರು ಕಳಿಸಿದರೆಂದು ಕೇಳುತ್ತಿರಲಿಲ್ಲ. ಹಬ್ಬಕ್ಕೆ ಕರೆದರೆ, “ಆ ಊರಾಗ ನನಗೇನೈತ್ರಿ?” ಎನ್ನುತ್ತಿದ್ದ.

ಒಮ್ಮೆ ತಾಯಿಯೇ ಹೊರ್ತಿ ಕಡೆ ಬಂದಳು. ನಾನು ಇರಲಿಲ್ಲ. ಆಮೇಲೆ ಫೋನಿನಲ್ಲಿ ಹೇಳಿದಳು. “ಚಲೋ ಅದಾನ್ರಿ. ಮೈ ಕೈ ತುಂಬ್ಯಾನ. ನೀರು ತಂದುಕೊಟ್ಟ, ಹಾಸಿಗಿ ಹಾಸಿದ.” ಆಮೇಲೆ ಅಂದಳು: “ನನಗ ‘ಬರ್ರಿ, ಕುಂಡರ್ರಿ’ ಅಂದಾನ್ರಿ ಅಕ್ಕಾರ.”

ಹೆತ್ತವ್ವನಿಗೆ ನಮ್ಮ ಕಡೆ ಯಾರೂ ‘ರಿ’ ಹಚ್ಚುವುದಿಲ್ಲ. ಅದು ಬೀಗರಿಗೆ, ಸಾಹೇಬರಿಗೆ, ದಾರಿಹೋಕರಿಗೆ.

ಮೊದಲ ಪರೀಕ್ಷೆಯಲ್ಲಿ ಅವನು ಗಣಿತ, ಇಂಗ್ಲಿಷ್ ಎರಡರಲ್ಲೂ ಬಿದ್ದ. ಫಲಿತಾಂಶದ ದಿನ ನಾನು ಹೋದಾಗ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದುಬಿಟ್ಟಿದ್ದ, ಲಿಂಬೆಯ ಚೀಲ ಹೊಲಿದಂತೆ. “ಮಾವ ಅಂದದ್ದ ಖರೇ ಐತ್ರಿ,” ಅಂದ. ನನಗೆ ಹೊಳೆದದ್ದು ಒಂದೇ ಮಾತು, ಅವನವ್ವ ಯಾಕೆ ಬೇಡ ಅಂದಳು ಎಂಬುದು. ಅದನ್ನು ಹೇಳುವ ಹಾಗಿರಲಿಲ್ಲ.

ಆಗ ಮಾವ ಎದ್ದು ಬಂದು ಚೀಲದ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದ. ಗಣಿತದ ಪುಸ್ತಕ ಹೊರಗೆ ತೆಗೆದು ಹುಡುಗನ ತೊಡೆಯ ಮೇಲೆ ಒಗೆದ. “ನಾ ಸಾವಿರ ಅಂತೇನಿ. ನೀ ಯಾಕ ಕೇಳ್ತೀ? ಈ ವರ್ಷನ ಇನ್ನೂ ಎರಡು ಪರೀಕ್ಷೆ ಅದಾವಂತ. ಕಟ್ಟು.”

ಎರಡನೆಯ ಪರೀಕ್ಷೆಯಲ್ಲಿ ಇಂಗ್ಲಿಷ್ ದಾಟಿತು. ಮೂರನೆಯದರಲ್ಲಿ ಗಣಿತ. ಹೇಗೆ ದಾಟಿತೋ, ದಾಟಿತು. ಫೋನ್ ಮಾಡಿದವನು ಮೊದಲು ಮಾವನಿಗೆ ಕೊಟ್ಟ. ಹಿಂದಿನಿಂದ ಹುಡುಗನ ದನಿ ಕೇಳುತ್ತಿತ್ತು: “ಮಾವಾ, ಗಿಡಕ್ಕ ಹತ್ತಲೇನು? ಮಾವಿನಕಾಯಿ ಹರಿಯೂಣು.”

ಉಳಿದ ಸೀಟುಗಳ ಕೊನೆಯ ಸುತ್ತಿನಲ್ಲಿ ಅವನಿಗೆ ಮುದ್ದೇಬಿಹಾಳದ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಸೀಟು ಸಿಕ್ಕಿತು. ಮೂಲ ಅಂಕಪಟ್ಟಿ ಬಂದು, ದಾಖಲೆಗಳನ್ನು ನೋಡಿ ಮುಗಿಸಿದ ದಿನ ನಾನೂ ಮಾವನೂ ಅಲ್ಲಿದ್ದೆವು. ಅವನಿಗೆ ಹಾಸಿಗೆ, ಟ್ರಂಕು, ಒಂದು ಟೆಸ್ಟರ್ ಕೊಡಿಸಿದ್ದು ಮಾವನೇ. ಗೇಟಿನ ಹತ್ತಿರ ಹುಡುಗ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು ನನ್ನ ಕೈಗೆ ಕೊಟ್ಟ.

“ಇದನ್ನ ಆ ಅಡಗಿ ಮನ್ಯಾಗ ಕೊಟ್ಟುಬಿಡ್ರಿ.”

“ನೀನ ಕೊಡು. ಮಾವನ ಗಾಡಿ ಐತಿ. ಸಂಜಿಕ ಹೊಳ್ಳಿ ಬರಬಹುದು.”

“ಬ್ಯಾಡ್ರಿ. ಅವ್ರ ಕೆಲಸ ಹೋದೀತು.”

ಅಷ್ಟು ಹೇಳಿ ಟ್ರಂಕು ಎತ್ತಿಕೊಂಡು ಒಳಗೆ ಹೋದ. ಮುದ್ದೇಬಿಹಾಳದಿಂದ ಅವನ ಊರಿಗೆ ದಿನವೂ ಬಸ್ಸುಗಳಿವೆ. ಹುಡುಗಿ ಆಗ ಇನ್ನೂ ಒಂಬತ್ತನೆಯ ತರಗತಿಯಲ್ಲಿದ್ದಳು. ನಾನು ಕೂಗಿ ಕರೆಯಲಿಲ್ಲ.

ಮಾವನ ಗಾಡಿಯಲ್ಲೇ ಹುಡುಗನ ಊರಿಗೆ ಬಂದೆವು. ಶಾಲೆ ಮುಟ್ಟಿದಾಗ ಊಟದ ಸರದಿ ಮುಗಿಯುತ್ತಿತ್ತು. ಗಾಡಿಯನ್ನು ಗೇಟಿನ ಹೊರಗೆ ಬೇವಿನ ನೆರಳಿಗೆ ನಿಲ್ಲಿಸಿ ಒಳಗೆ ಹೋದೆವು. ತಾಯಿ ನಮ್ಮನ್ನು ಕಂಡಳು. ಕಂಡರೂ ಬರಲಿಲ್ಲ, ಸೌಟು ಹಿಡಿದೇ ನಿಂತಳು. ಎರಡು ಜಡೆಯ ಹುಡುಗಿ ಬಂದಳು. ಅವಳು ಉದ್ದವಾಗಿದ್ದಳು. ಅನ್ನ, ಸಾರು. ಹುಡುಗಿ ತಾಟು ಹಿಡಿದು ಗೋಡೆಯ ಮರೆಗೆ ಹೋದ ಮೇಲೆ ತಾಯಿ ನಮ್ಮ ಕಡೆ ಬಂದಳು.

ಅಂಕಪಟ್ಟಿ ಚಾಚಿದೆ. ಆಕೆ ಮುಟ್ಟಲಿಲ್ಲ, ಕೈಗೆಲ್ಲ ಸಾರಿತ್ತು. ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. “ನೀ ಓದೋ,” ಎಂದಳು ತಮ್ಮನಿಗೆ. ಮಾವ ಕಾಗದವನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಒಂದೊಂದೇ ವಿಷಯ ಓದಿದ. ಕನ್ನಡದಲ್ಲಿ ಹೆಚ್ಚು, ಗಣಿತದಲ್ಲಿ ದಡ ಮುಟ್ಟುವಷ್ಟು. ಕೊನೆಗೆ, “ಪಾಸ್,” ಅಂದ.

ಆಗ ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಮಗನ ಫೋಟೋದ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ನಮ್ಮಿಬ್ಬರ ನಡುವಿನಿಂದ ಗೇಟಿನ ಕಡೆ, ಬೇವಿನ ಕೆಳಗೆ ನಿಂತ ಗಾಡಿಯ ಕಡೆ ನೋಡಿದಳು.

“ಗಾಡ್ಯಾಗ ಕುಂತಾನೇನು? ಒಳಗ ಬಾ ಅನ್ನು. ಈಗ ಎಲ್ಲಾರೂ ಉಂಡು ಹ್ವಾದ್ರು.”

ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಲಿಂಬಿಗಿಡಕ್ಕ ಮಾವಿನಕಾಯಿ ಬಿಟ್ಟಾವ ಯಕ್ಕಾ,” ಅಂದ. ಆಮೇಲೆ ನೆಲ ನೋಡುತ್ತ ಅಂದ: “ಆದ್ರ ‘ಪಾಸೂ ಆಗ್ತಾನ, ಮನಿಗೂ ಬರ್ತಾನ’ ಅಂತ ನೀ ಅಂದದ್ದು ಅರ್ಧಾನ ಖರೇ ಆತು.”